ಮನೆಯ ಕಂಪ್ಯೂಟರಿಗೊಂದು ಹಗೇವು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯ ಮೇಲೆ ನಾನು ಹಿಂದೆ ಒಂದೇ ಒಂದು ಸಲ ಹತ್ತಿದ್ದೆ. ಎಂಟನೇ ತರಗತಿಯಲ್ಲಿ ಸ್ವಾತಂತ್ರ್ಯ ದಿನದಂದು ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹದ ಮೇಲೆ ಭಾಷಣ ಮಾಡಬೇಕಿತ್ತು. 1938ರ ಏಪ್ರಿಲ್ 25 ಎಂದು ಹೇಳಿ ಮುಂದಿನ ವಾಕ್ಯ ಮರೆತು ಇಳಿದು ಬಂದೆ. ಆ ದಿನ ಮೇಷ್ಟ್ರು ಬೈಯಲಿಲ್ಲ. "ಒಂದು ಚೀಟಿ ಬರೆದು ಜೇಬಲ್ಲಿ ಇಟ್ಕೋಬೇಕಿತ್ತು ಕಣೋ, ನೆನಪನ್ನ ಒಂದೇ ಕಡೆ ಇಡಬಾರದು" ಅಂದರು. ಇವತ್ತು ಚೀಟಿ ತಂದಿದ್ದೇನೆ. ಎರಡು ತಂದಿದ್ದೇನೆ. ಒಂದು ಜೇಬಿನಲ್ಲಿದೆ, ಇನ್ನೊಂದು ನನ್ನ ಹೆಂಡತಿಯ ಕೈಚೀಲದಲ್ಲಿದೆ.

ಸಮಿತಿಯವರು ನನಗೆ ಫೋನ್ ಮಾಡಿ, "ನೀವು ಕಂಪ್ಯೂಟರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೆ ಉಪಯೋಗ ಆಗುವ ಹಾಗೆ ಏನಾದರೂ ಮಾತಾಡಿ" ಎಂದರು. ನಾನು ದೊಡ್ಡ ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲ. ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ, ಡಿಪ್ಲೊಮಾ ಮಾಡಿ, ಇಪ್ಪತ್ತೈದು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುವವನು. ಬೆಳಗಿನ ರೈಲು ಹಿಡಿದು ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರಿಗೆ ಹೋಗಿ ಕೆಟ್ಟದ್ದನ್ನು ಬಿಚ್ಚಿ ಸರಿ ಮಾಡಿ ರಾತ್ರಿ ವಾಪಸ್ ಬರುವವನು. ಹಾಗಾಗಿ ಕೃತಕ ಬುದ್ಧಿಮತ್ತೆಯ ಬಗ್ಗೆ ನಾನು ಮಾತಾಡುವುದಿಲ್ಲ. ಮನೆಯಲ್ಲಿರುವ ಕಂಪ್ಯೂಟರಿನ, ಮೊಬೈಲಿನ ಒಳಗಿರುವುದನ್ನು ಕಾಪಾಡಿಕೊಳ್ಳಲು ಮನೆಯಲ್ಲೇ ಒಂದು ಡ್ರೈವ್ ಕೂರಿಸುವುದು ಹೇಗೆ ಎಂದಷ್ಟೇ ಹೇಳುತ್ತೇನೆ. ಕೇಳಲಿಕ್ಕೆ ಸಪ್ಪೆ ವಿಷಯ. ಆದರೆ ಇದನ್ನು ನಾನು ಕಲಿತದ್ದು ಕಳೆದುಕೊಂಡು.

ನಮ್ಮಮ್ಮ ಹಾಡುತ್ತಿದ್ದರು. ಸೋಬಾನೆ ಪದ, ರಾಗಿ ಬೀಸುವಾಗಿನ ಪದ, ತೊಟ್ಟಿಲ ಪದ. ನಮ್ಮ ಗಡಿ ಸೀಮೆಯ ಹೆಂಗಸರ ಹಾಡು ನಿಮಗೆ ಗೊತ್ತಲ್ಲ, ಒಂದು ಸಾಲು ಕನ್ನಡ, ಇನ್ನೊಂದು ಸಾಲು ತೆಲುಗು, ಎರಡಕ್ಕೂ ಒಂದೇ ಧಾಟಿ. 2011ರ ಸಂಕ್ರಾಂತಿಗೆ ಹೊಸ ಮೊಬೈಲ್ ತಂದಿದ್ದೆ. ಅಮ್ಮನನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ ಹನ್ನೊಂದು ಹಾಡು ರೆಕಾರ್ಡ್ ಮಾಡಿಕೊಂಡೆ. ಅಮ್ಮ ನಗುತ್ತಾ, "ಇದೆಲ್ಲ ಯಾಕಪ್ಪಾ, ನಾನಿಲ್ವಾ? ಬೇಕು ಅಂದಾಗ ಕೇಳು, ಹಾಡ್ತೀನಿ" ಅಂದರು. ಆ ಹನ್ನೊಂದನ್ನೂ ಮನೆಯ ಕಂಪ್ಯೂಟರಿಗೆ ಹಾಕಿ, ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿದೆ.

2014ರಲ್ಲಿ ಅಮ್ಮ ತೀರಿಕೊಂಡರು. 2016ರ ಬೇಸಿಗೆಯಲ್ಲಿ ಒಂದು ಸಂಜೆ ಗುಡುಗು ಮಳೆ, ಕರೆಂಟು ನಾಲ್ಕೈದು ಸಲ ಹೋಗಿ ಬಂತು. ಮಾರನೆಯ ದಿನ ಕಂಪ್ಯೂಟರ್ ಶುರು ಮಾಡಿದರೆ ಒಳಗಿನಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು. ಬೇರೆಯವರ ಕಂಪ್ಯೂಟರಿನಲ್ಲಿ ಆ ಸದ್ದನ್ನು ನೂರು ಸಲ ಕೇಳಿದ್ದೆ. "ಸಾರ್, ಬ್ಯಾಕಪ್ ಇಟ್ಟಿದ್ದೀರಾ?" ಎಂದು ನೂರು ಜನರನ್ನು ಕೇಳಿದ್ದೆ. ಆ ದಿನ ನನ್ನನ್ನು ನಾನೇ ಕೇಳಿಕೊಳ್ಳಬೇಕಾಯಿತು.

ಹಾರ್ಡ್ ಡಿಸ್ಕ್ ಎಂದರೆ ಏನು ಎಂದು ಮಕ್ಕಳಿಗೆ ಹೇಳಿಬಿಡುತ್ತೇನೆ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅದರ ಮೇಲೆ ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಸಾವಿರಾರು ಪಾಲು ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಆ ಮುಳ್ಳು ತಟ್ಟೆಗೆ ತಾಗಿದರೆ ಗೀರು ಬೀಳುತ್ತದೆ. ಗೀರು ಬಿದ್ದ ಕಡೆ ಇದ್ದದ್ದು ಪುಡಿಯಾಗಿ ಹೋಗುತ್ತದೆ. ಅದನ್ನು ಯಾವ ರಿಪೇರಿಯವನೂ ವಾಪಸ್ ತರಲಾರ. ಬೆಂಗಳೂರಿನಲ್ಲಿ ಡಿಸ್ಕ್ ಬಿಚ್ಚಿ ನೋಡುವವರ ಹತ್ತಿರ ಒಯ್ದೆ. ಅವರು ಪ್ರಾಮಾಣಿಕರು, ಬಿಚ್ಚಿ ಗೀರನ್ನು ತೋರಿಸಿ ದುಡ್ಡು ತೆಗೆದುಕೊಳ್ಳದೆ ಕಳಿಸಿದರು.

ಚಿಂತಾಮಣಿಯಲ್ಲಿರುವ ನಮ್ಮಕ್ಕನಿಗೆ ಫೋನ್ ಮಾಡಿ ಅತ್ತೆ. ಅಕ್ಕ, "ತಡಿಯೋ, ನಂಗೆ ನೀನು ಮೂರು ಹಾಡು ಕಳ್ಸಿದ್ದೆ, ನನ್ನ ಹಳೇ ಫೋನಲ್ಲಿರಬೇಕು" ಅಂದಳು. ಇತ್ತು. ಹನ್ನೊಂದರಲ್ಲಿ ಮೂರು ಉಳಿದವು. ಉಳಿದ ಎಂಟು ಹಾಡು ಯಾವುವು ಎಂಬ ಪಟ್ಟಿ ನನ್ನ ಹತ್ತಿರ ಇದೆ. ಪಟ್ಟಿ ಮಾತ್ರ ಇದೆ. ಉಳಿದ ಮೂರರಲ್ಲಿ ಒಂದರ ಕೊನೆಗೆ ಹಾಡು ಮುಗಿದ ಮೇಲೆ ಅಮ್ಮ, "ಆಯ್ತೇನಪ್ಪಾ? ಒಲೆ ಮೇಲೆ ಎಸರಿಟ್ಟಿದ್ದೀನಿ, ನೋಡಿ ಬರ್ತೀನಿ" ಎನ್ನುವ ಮಾತಿದೆ. ಅಂದು ಅದನ್ನು ಕತ್ತರಿಸಿ ತೆಗೆಯಬೇಕು ಅಂದುಕೊಂಡಿದ್ದೆ. ಈಗ ಹಾಡಿಗಿಂತ ಹೆಚ್ಚು ಸಲ ಆ ಮಾತನ್ನೇ ಕೇಳುತ್ತೇನೆ.

ಅಕ್ಕನ ಫೋನಿನಿಂದ ಆ ಮೂರು ಸಿಕ್ಕಿದ್ದು ಅದೃಷ್ಟ. ಅದೃಷ್ಟವನ್ನು ನಂಬಿಕೊಂಡು ಮನೆ ನಡೆಸಲಾಗದು. ನಮ್ಮ ತಾತಂದಿರು ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಈಗಿನ ಮಕ್ಕಳು ಹಗೇವು ನೋಡಿರಲಿಕ್ಕಿಲ್ಲ. ನೆಲದೊಳಗೆ ತೋಡಿದ ಗುಳಿ, ಕಿರಿದಾದ ಬಾಯಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಬಿತ್ತನೆ ರಾಗಿಯನ್ನು ಆ ಗುಳಿಗೆ ಹಾಕುತ್ತಿರಲಿಲ್ಲ. ಅದನ್ನು ಬೇರೆ ಮಡಕೆಯಲ್ಲಿ ಬೂದಿ, ಬೇವಿನ ಸೊಪ್ಪು ಸೇರಿಸಿ ಅಟ್ಟದ ಮೇಲೆ ಇಡುತ್ತಿದ್ದರು. ಹಗೇವಿಗೆ ನೀರು ನುಗ್ಗಿದರೂ ಮುಂದಿನ ವರ್ಷದ ಬೆಳೆ ಇರಬೇಕು. ಇವತ್ತು ನಾನು ಹೇಳುವುದೆಲ್ಲ ಇಷ್ಟೇ, ಮಾತು ಮಾತ್ರ ಹೊಸದು.

2017ರಲ್ಲಿ ನಾನು ಮನೆಯಲ್ಲಿ ನೆಟ್‌ವರ್ಕ್ ಡ್ರೈವ್ ಕೂರಿಸಿದೆ. ಹಾಗೆಂದರೆ ಯಾವ ಒಬ್ಬರ ಕಂಪ್ಯೂಟರಿಗೂ ಸೇರದೆ, ಮನೆಯ ರೌಟರಿಗೆ ತಂತಿಯಿಂದ ಜೋಡಿಸಿದ ಒಂದು ಪೆಟ್ಟಿಗೆ. ಒಳಗೆ ಡಿಸ್ಕುಗಳಿರುತ್ತವೆ. ಮನೆಯ ಎಲ್ಲ ಕಂಪ್ಯೂಟರು, ಮೊಬೈಲು ಅದಕ್ಕೆ ತಮ್ಮ ಫೈಲುಗಳನ್ನು ತಾವೇ ಕಳಿಸಬಹುದು. ಇದಕ್ಕಾಗಿಯೇ ಮಾಡಿದ ಸಣ್ಣ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ನಾನು ದುಡ್ಡು ಉಳಿಸಲು ಒಂದು ಹಳೇ ಡೆಸ್ಕ್‌ಟಾಪ್ ತೆಗೆದುಕೊಂಡೆ, ಎಸ್.ಪಿ. ರಸ್ತೆಯಿಂದ ಎರಡು ಟೆರಾಬೈಟಿನ ಎರಡು ಹೊಸ ಡಿಸ್ಕ್ ತಂದೆ, ಲಿನಕ್ಸ್ ಹಾಕಿದೆ. ಲಿನಕ್ಸ್ ಪೆಟ್ಟಿಗೆಯನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಕಾಣುವಂತೆ ಮಾಡುವ ಸಾಂಬಾ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬಾತ 1992ರಲ್ಲಿ ತನ್ನ ಅನುಕೂಲಕ್ಕೆ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು. ಅಂಗಡಿಯಲ್ಲಿ ಕೊಳ್ಳುವ ಪೆಟ್ಟಿಗೆಗಳಲ್ಲಿಯೂ ಹೆಚ್ಚಾಗಿ ಅದೇ ಇರುತ್ತದೆ.

ಹಳೇ ಡೆಸ್ಕ್‌ಟಾಪ್ ಉಚಿತ ಎಂದುಕೊಂಡೆನಲ್ಲ, ಅದರ ಲೆಕ್ಕ ಹೇಳುತ್ತೇನೆ. ಅದು ಸುಮ್ಮನೆ ಕೂತಿದ್ದಾಗಲೇ 60 ವಾಟ್ ಎಳೆಯುತ್ತಿತ್ತು. 60 ವಾಟ್, 24 ಗಂಟೆ, 30 ದಿನ, ಗುಣಿಸಿ 1000ದಿಂದ ಭಾಗಿಸಿದರೆ ತಿಂಗಳಿಗೆ 43 ಯೂನಿಟ್. ಸಣ್ಣ ಪೆಟ್ಟಿಗೆ 20 ವಾಟಿನಲ್ಲಿ ಮುಗಿಸುತ್ತದೆ, ಅಂದರೆ 14 ಯೂನಿಟ್ ಸುಮಾರು. ಹಳೆಯದನ್ನು ಬಳಸುವುದಾದರೆ ಇಡೀ ದಿನ ಉರಿಸಬೇಡಿ, ರಾತ್ರಿ ಎರಡು ಗಂಟೆ ಮಾತ್ರ ಓಡಿಸಿ. ನಾನು ಮೂರನೇ ತಿಂಗಳ ಬಿಲ್ ನೋಡಿ ಹಾಗೆ ಮಾಡಿದೆ.

ಎರಡು ಡಿಸ್ಕ್ ಯಾಕೆ ಎಂದರೆ, ಒಂದರಲ್ಲಿ ಬರೆದದ್ದನ್ನು ಅದೇ ಕ್ಷಣ ಇನ್ನೊಂದರಲ್ಲೂ ಬರೆಯುವ ಹಾಗೆ ಜೋಡಿಸಬಹುದು. ಕನ್ನಡಿ ಬಿಂಬದ ಹಾಗೆ. ರೇಡ್ ಎಂದು ಇದಕ್ಕೆ ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು 1988ರಲ್ಲಿ ಪ್ರಕಟಿಸಿದ ಲೇಖನದಿಂದ ಆ ಹೆಸರು ಎಲ್ಲೆಡೆ ಹರಡಿತು. ಒಂದು ಡಿಸ್ಕ್ ಸತ್ತರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಎಂದು ಗಾದೆ ಹೇಳುತ್ತಾರಲ್ಲ, ನಾನು ಎರಡು ಕಣ್ಣು ಮಾಡಿಕೊಂಡೆ ಎಂದು ನೆಮ್ಮದಿಯಿಂದ ಮಲಗಿದೆ. ಇಲ್ಲಿ ನಾನು ಎರಡನೇ ತಪ್ಪು ಮಾಡಿದ್ದೆ. ಅದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

2019ರ ಮೇ ತಿಂಗಳು. ಅಕ್ಕನ ಮಗ ರಜೆಗೆ ನಮ್ಮ ಮನೆಗೆ ಬಂದಿದ್ದ. ಹುಡುಗ ಒಳ್ಳೆಯವನೇ. ಗೇಮ್ ಹಾಕಲು ಜಾಗ ಸಾಲಲಿಲ್ಲ. ಡ್ರೈವಿನಲ್ಲಿ 'ಹಳೇದು' ಎಂದು ನಾನು ಹೆಸರಿಟ್ಟ ಫೋಲ್ಡರ್ ಕಂಡಿತು. ಹಳೇದು ತಾನೇ ಎಂದು ಅಳಿಸಿದ. ಅದರಲ್ಲಿದ್ದದ್ದು ಅಮ್ಮನ ಮೂರು ಹಾಡು, ಅಪ್ಪನ ಲೆಕ್ಕದ ಪುಸ್ತಕದ ಸ್ಕ್ಯಾನು, ಮನೆಯವರೆಲ್ಲರ ಫೋಟೋ.

ಕನ್ನಡಿ ಏನು ಮಾಡುತ್ತದೆ? ನೀವು ಅತ್ತರೆ ಅಳುತ್ತದೆ, ಅಳಿಸಿದರೆ ಅಳಿಸುತ್ತದೆ. ಎರಡೂ ಡಿಸ್ಕಿನಿಂದ ಒಂದೇ ಕ್ಷಣದಲ್ಲಿ ಹೋಯಿತು. ವಿಂಡೋಸಿನಲ್ಲಿ ನಮ್ಮದೇ ಕಂಪ್ಯೂಟರಿನ ಫೈಲ್ ಅಳಿಸಿದರೆ ಅದು ರೀಸೈಕಲ್ ಬಿನ್ನಿಗೆ ಹೋಗುತ್ತದೆ, ವಾಪಸ್ ತೆಗೆಯಬಹುದು. ನೆಟ್‌ವರ್ಕ್ ಡ್ರೈವಿನಿಂದ ಅಳಿಸಿದರೆ ಸಾಮಾನ್ಯವಾಗಿ ಬಿನ್ನಿಗೆ ಬರುವುದಿಲ್ಲ, ನೇರ ಹೋಗುತ್ತದೆ. ಇದನ್ನು ದಯವಿಟ್ಟು ನೆನಪಿಡಿ. ಕನ್ನಡಿ ಡಿಸ್ಕು ಕಾಪಾಡುವುದು ಡಿಸ್ಕ್ ಕೆಡುವುದರಿಂದ ಮಾತ್ರ. ಮನುಷ್ಯನ ಕೈಯಿಂದ, ವೈರಸ್ಸಿನಿಂದ, ಕಳ್ಳನಿಂದ, ಬೆಂಕಿಯಿಂದ ಅದು ಕಾಪಾಡುವುದಿಲ್ಲ.

ಆ ಹುಡುಗ ಊಟ ಬಿಟ್ಟು ಕೂತ. ಅವನಿಗೆ ನಾನು ಹೇಳಿದೆ, "ತಪ್ಪು ನಿಂದಲ್ಲ ಕಣೋ. ಅಳಿಸೋಕೆ ಆಗೋ ಜಾಗದಲ್ಲಿ ಇಟ್ಟವನು ನಾನು." ಆಗ ಅಕ್ಕ ಮತ್ತೆ ನೆನಪಿಸಿದಳು. ಆ ವರ್ಷದ ಯುಗಾದಿಗೆ ಚಿಂತಾಮಣಿಗೆ ಹೋದಾಗ ಒಂದು ಪೋರ್ಟಬಲ್ ಡಿಸ್ಕಿಗೆ ಎಲ್ಲ ತುಂಬಿಸಿ ಅವಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟು ಬಂದಿದ್ದೆ. ಹೋಗಿ ತಂದೆ. ಯುಗಾದಿಯಿಂದ ಮೇ ತಿಂಗಳವರೆಗಿನ ಒಂದಷ್ಟು ಫೋಟೋ ಹೋದವು. ಹಾಡು ಉಳಿದವು.

ಇದಕ್ಕೆ ಬಲ್ಲವರು ಒಂದು ಸೂತ್ರ ಮಾಡಿದ್ದಾರೆ: ಮೂರು, ಎರಡು, ಒಂದು. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಇದನ್ನು ಪ್ರಚಾರಕ್ಕೆ ತಂದರು. ಬೇಕಾದದ್ದರ ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನದಲ್ಲಿರಲಿ. ಒಂದು ಪ್ರತಿ ಬೇರೆ ಊರಿನಲ್ಲಿ, ಕನಿಷ್ಠ ಬೇರೆ ಮನೆಯಲ್ಲಿರಲಿ. ನನ್ನ ಲೆಕ್ಕದಲ್ಲಿ ಕಂಪ್ಯೂಟರಿನಲ್ಲಿರುವುದು ಒಂದು, ಡ್ರೈವಿನಲ್ಲಿರುವುದು ಎರಡು, ಅಕ್ಕನ ಬೀರುವಿನಲ್ಲಿರುವುದು ಮೂರು. ಗೂಗಲ್‌ನಲ್ಲಿದೆ ಸಾರ್, ಸಾಲದೇ ಎಂದು ಕೇಳುತ್ತಾರೆ. ಅದೂ ಒಂದು ಪ್ರತಿ, ಬೇಡ ಎನ್ನುವುದಿಲ್ಲ. ಆದರೆ ಉಚಿತವಾಗಿ ಕೊಡುವುದು 15 ಜಿಬಿ. 2021ರ ಜೂನ್‌ನಿಂದ ಅಲ್ಲಿ ಹಾಕುವ ಫೋಟೋಗಳೂ ಆ ಲೆಕ್ಕಕ್ಕೇ ಬರುತ್ತವೆ. ಪಾಸ್‌ವರ್ಡ್ ಮರೆತು, ಹಳೇ ಸಿಮ್ ಕಳೆದು ಬಾಗಿಲು ಮುಚ್ಚಿಕೊಂಡವರನ್ನು ನಾನು ವಾರಕ್ಕೊಬ್ಬರನ್ನು ನೋಡುತ್ತೇನೆ.

ಈ ಕಥೆ ಬಡವರ ಮನೆಯದಷ್ಟೇ ಅಲ್ಲ. 'ಟಾಯ್ ಸ್ಟೋರಿ 2' ಎಂಬ ಕಾರ್ಟೂನ್ ಸಿನಿಮಾ ನೀವು ಕೆಲವರು ನೋಡಿರಬಹುದು. 1998ರಲ್ಲಿ ಅದು ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಸಿನಿಮಾದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ತೆಗೆದರೆ ಅದು ಸರಿಯಾಗಿ ಕೆಲಸ ಮಾಡಿರಲಿಲ್ಲ. ಗ್ಯಾಲಿನ್ ಸುಸ್ಮನ್ ಎಂಬ ಹೆಣ್ಣುಮಗಳು ಆಗ ತಾನೇ ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಾರಿನಲ್ಲಿ ಹಸುಗೂಸಿನಂತೆ ಕಾಪಾಡಿ ಆಫೀಸಿಗೆ ತಂದರು. ಅಷ್ಟು ದೊಡ್ಡ ಸಂಸ್ಥೆಯನ್ನು ಉಳಿಸಿದ್ದು ಬೇರೆ ಮನೆಯಲ್ಲಿದ್ದ ಪ್ರತಿ. ನಮ್ಮಕ್ಕನ ಬೀರುವಿಗೆ ಅಷ್ಟೇ ಮರ್ಯಾದೆ ಸಲ್ಲಬೇಕು.

ಈಗ ಮನೆಗೆ ಹೋಗಿ ಮಾಡಬೇಕೆನ್ನುವವರಿಗೆ ಕ್ರಮವಾಗಿ ಹೇಳುತ್ತೇನೆ.

ಮೊದಲು, ಏನನ್ನು ಉಳಿಸಬೇಕು ಎಂದು ಕೂತು ಪಟ್ಟಿ ಮಾಡಿ. ಇಳಿಸಿಕೊಂಡ ಸಿನಿಮಾ ಬೇಡ, ವಿಂಡೋಸ್ ಬೇಡ, ಅವು ಮತ್ತೆ ಸಿಗುತ್ತವೆ. ಫೋಟೋ, ಧ್ವನಿ, ಪಹಣಿ, ಕ್ರಯಪತ್ರ, ಅಂಕಪಟ್ಟಿ, ನೀವು ಬರೆದದ್ದು, ಇವು ಮತ್ತೆ ಸಿಗುವುದಿಲ್ಲ. ನಮ್ಮ ಮನೆಯದೆಲ್ಲ ಸೇರಿ 180 ಜಿಬಿ ಆಯಿತು.

ಎರಡು, ಮೊದಲ ಸಲ ತುಂಬುವಾಗ ವೈಫೈ ನೆಚ್ಚಬೇಡಿ, ತಂತಿ ಹಾಕಿ. ತಂತಿಯೂ ರೌಟರೂ ಹಳೆಯದಾಗಿ ವೇಗ 100 ಮೆಗಾಬಿಟ್ ಇದ್ದರೆ ಸೆಕೆಂಡಿಗೆ 11-12 ಮೆಗಾಬೈಟ್ ಹೋಗುತ್ತದೆ. 180 ಜಿಬಿಗೆ ನಾಲ್ಕು ಗಂಟೆಗೂ ಮೇಲೆ. ಗಿಗಾಬಿಟ್ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯಬಹುದು. ಸಣ್ಣ ಸಣ್ಣ ಫೈಲು ಸಾವಿರಾರಿದ್ದರೆ ಇನ್ನೂ ತಡ. ಬಿಟ್ಟು ಮಲಗಿ. ಆಮೇಲೆ ದಿನವೂ ಹೊಸದು ಮಾತ್ರ ಹೋಗುವುದರಿಂದ ವೈಫೈ ಸಾಕು.

ಮೂರು, ಪೆಟ್ಟಿಗೆಗೆ ಖಾಯಂ ವಿಳಾಸ ಕೊಡಿ. ರೌಟರ್ ತನ್ನ ಮನೆಯ ಪ್ರತಿ ಸಾಧನಕ್ಕೂ ಒಂದು ನಂಬರ್ ಹಂಚುತ್ತದೆ. ಕರೆಂಟು ಹೋಗಿ ಬಂದಾಗ ಆ ನಂಬರ್ ಬದಲಾಗಬಹುದು. ಮನೆ ನಂಬರ್ ದಿನಾ ಬದಲಾದರೆ ಅಂಚೆಯವನು ಕಾಗದ ಎಲ್ಲಿ ಹಾಕಬೇಕು? ರೌಟರಿನ ಸೆಟ್ಟಿಂಗಿನಲ್ಲಿ ಈ ಪೆಟ್ಟಿಗೆಗೆ ಇದೇ ನಂಬರ್ ಎಂದು ಕಾಯ್ದಿರಿಸಿ. "ನಿನ್ನೆವರೆಗೂ ಕಾಣಿಸುತ್ತಿತ್ತು ಸಾರ್, ಇವತ್ತು ಡ್ರೈವೇ ಇಲ್ಲ" ಎಂದು ಬರುವ ಫೋನುಗಳಲ್ಲಿ ಬಹಳಷ್ಟು ಇದೇ.

ನಾಲ್ಕು, ಒಬ್ಬೊಬ್ಬರಿಗೆ ಒಂದೊಂದು ಹೆಸರು, ಪಾಸ್‌ವರ್ಡ್ ಕೊಡಿ. ಬ್ಯಾಕಪ್ ಹೋಗಿ ಬೀಳುವ ಫೋಲ್ಡರನ್ನು ಎಲ್ಲರೂ ತೆರೆದು ಅಳಿಸುವಂತೆ ಬಿಡಬೇಡಿ. ಮಕ್ಕಳಿಗೆ ನೋಡಲು ಮಾತ್ರ ಅನುಮತಿ ಕೊಡಿ. ನಮ್ಮ ಮನೆಯಲ್ಲಿ ಈಗ ನನಗೂ ದಿನದ ಬಳಕೆಯ ಹೆಸರಿನಲ್ಲಿ ಅಳಿಸುವ ಅಧಿಕಾರ ಇಲ್ಲ.

ಐದು, ಹಿಂದಿನ ದಿನಗಳ ಪ್ರತಿಯನ್ನೂ ಇಡುವಂತೆ ಹೊಂದಿಸಿ. ಕಳೆದ ಏಳು ದಿನದ್ದು ದಿನಕ್ಕೊಂದು, ಕಳೆದ ನಾಲ್ಕು ವಾರದ್ದು ವಾರಕ್ಕೊಂದು, ಆರು ತಿಂಗಳದ್ದು ತಿಂಗಳಿಗೊಂದು. ಬದಲಾದದ್ದನ್ನು ಮಾತ್ರ ಬರೆಯುವುದರಿಂದ ಜಾಗ ಹೆಚ್ಚು ಹಿಡಿಯುವುದಿಲ್ಲ. ಇದನ್ನು ಮಾಡಿದ್ದರೆ ಅಕ್ಕನ ಮಗ ಆ ದಿನ ಊಟ ಬಿಡಬೇಕಿರಲಿಲ್ಲ.

ಆರು, ಪೆಟ್ಟಿಗೆಗೆ ಯುಪಿಎಸ್ ಇರಲಿ. ನಮ್ಮ ಊರಿನ ಕರೆಂಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ನಿಮಗೇ ಗೊತ್ತು. ಬರೆಯುತ್ತಿರುವಾಗ ವಿದ್ಯುತ್ ನಿಂತರೆ ಅರ್ಧ ಬರೆದ ಫೈಲ್ ಉಳಿಯುತ್ತದೆ.

ಏಳು, ಊರಾಚೆಯಿಂದ ಮೊಬೈಲಿನಲ್ಲಿ ನೋಡಬೇಕೆಂಬ ಆಸೆಗೆ ಪೆಟ್ಟಿಗೆಯ ಬಾಗಿಲನ್ನು ಇಂಟರ್ನೆಟ್ಟಿಗೆ ನೇರ ತೆರೆದಿಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಬಂತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು ಅದರ ಕಸುಬು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದರಿಂದ ಒದ್ದಾಡಿದವು. ಅದು ಹರಡಿದ್ದು ಫೈಲ್ ಹಂಚುವ ಹಳೇ ವ್ಯವಸ್ಥೆಯ ದೋಷದ ಮೂಲಕ. ಎಸ್‌ಎಂಬಿ ಒಂದನೇ ಆವೃತ್ತಿ ಎನ್ನುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿದ್ದರೆ ನಿಲ್ಲಿಸಿಬಿಡಿ. ಆಮೇಲೆ 2021-22ರಲ್ಲಿ ಮನೆಯ ನೆಟ್‌ವರ್ಕ್ ಡ್ರೈವುಗಳನ್ನೇ ಹುಡುಕಿ ಬೀಗ ಹಾಕುವ ದಾಳಿಗಳೂ ನಡೆದವು. ಆದ್ದರಿಂದಲೇ ಬೀರುವಿನಲ್ಲಿ, ಯಾವ ತಂತಿಗೂ ಸಿಕ್ಕಿಸದೆ ಇಟ್ಟ ಡಿಸ್ಕಿಗೆ ಬೆಲೆ. ತಂತಿಯೇ ಇಲ್ಲದ ಕಡೆಗೆ ಯಾವ ವೈರಸ್ಸೂ ನಡೆದು ಬರಲಾರದು.

ಎಂಟನೆಯದು ಬಹಳ ಮುಖ್ಯ. ಪರೀಕ್ಷೆ ಮಾಡಿ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ, ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದವರು. ಪರದೆಯ ಮೇಲೆ ಹಸಿರು ಗುರುತು ಹಾಕಿ 'ಬ್ಯಾಕಪ್ ಯಶಸ್ವಿ' ಎಂದು ಬರೆದರೆ ಅದನ್ನೂ ನಂಬಬೇಡಿ. ತಿಂಗಳಿಗೊಂದು ಸಲ ಯಾವುದಾದರೂ ಒಂದು ಫೈಲನ್ನು ವಾಪಸ್ ತೆಗೆದು, ತೆರೆದು, ಕಣ್ಣಾರೆ ನೋಡಿ.

ಕನ್ನಡದವರಾದ ನಮಗೆ ಈ ಪರೀಕ್ಷೆ ಇನ್ನೂ ಒಂದು ಕಾರಣಕ್ಕೆ ಬೇಕು. ಇದೇ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ತಾಲ್ಲೂಕಿನ ಹಳ್ಳಿಗಳ ಹೆಸರು ಹೇಗೆ ಬಂತು ಎಂದು ಕೇಳಿ ತಿಳಿದು ಅರವತ್ತು ಪುಟ ಟೈಪ್ ಮಾಡಿಸಿದ್ದರು. ಫೈಲನ್ನು ನನಗೆ ಕೊಟ್ಟು, "ಜೋಪಾನ ಕಣಪ್ಪ" ಎಂದಿದ್ದರು. ಜೋಪಾನವಾಗಿಯೇ ಇಟ್ಟೆ, ಮೂರು ಕಡೆ ಇಟ್ಟೆ. ಅವರು ಕೇಳಿದ ದಿನ ತೆರೆದರೆ ಕನ್ನಡದ ಒಂದಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಸೇರಿಸಿದಂತೆ ಏನೇನೋ. ಬರಹ, ನುಡಿ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದುಕೊಟ್ಟವು, ಅವಕ್ಕೆ ನಾವು ಋಣಿಗಳು. ಆದರೆ ಆ ಕಾಲದ ಫೈಲುಗಳಲ್ಲಿ ಅಕ್ಷರದ ರೂಪ ಫಾಂಟಿನಲ್ಲಿರುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ಮೂಕ. ಹಳೇ ಫಾಂಟ್ ಹುಡುಕಿ ಹಾಕಿ, ಪರಿವರ್ತಕದಿಂದ ಯುನಿಕೋಡಿಗೆ ತಂದು, ಒತ್ತಕ್ಷರಗಳ ತಪ್ಪನ್ನು ಮೇಷ್ಟ್ರ ಜೊತೆ ಕೂತು ನಾಲ್ಕು ಭಾನುವಾರ ತಿದ್ದಿದೆವು. ನಿಮ್ಮ ಮನೆಯಲ್ಲಿ, ಸಂಘದಲ್ಲಿ, ದೇವಸ್ಥಾನದ ಲೆಕ್ಕದಲ್ಲಿ ಹಳೇ ಕನ್ನಡ ಫೈಲುಗಳಿದ್ದರೆ ಈಗಲೇ ಯುನಿಕೋಡಿಗೆ ತನ್ನಿ. ತಿದ್ದಲು ಬರೆದವರು ಇರುವಾಗಲೇ ತನ್ನಿ.

ಇನ್ನೊಂದು ಮಾತು ಹೇಳಿ ಶಾಲೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ಮಾಡಿ ಬೇರೆ ಕಡೆ ಇಡುವ ಬುದ್ಧಿ ನಮಗೆ ಹೊಸದಲ್ಲ. ಬಿ.ಎಲ್. ರೈಸ್ ಅವರು ಹಳ್ಳಿ ಹಳ್ಳಿಯ ಶಾಸನಗಳನ್ನು ಪ್ರತಿ ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕೋಲಾರ ಜಿಲ್ಲೆಯ ಹತ್ತನೇ ಸಂಪುಟ 1905ರದು. ಆಗ ನಾವೂ ಕೋಲಾರದವರೇ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಗೌರಿಬಿದನೂರು ತಾಲ್ಲೂಕಿನ ಶಾಸನಗಳೂ ಆ ಸಂಪುಟದಲ್ಲಿವೆ. ಕಲ್ಲು ಒಗೆಯುವ ಕಲ್ಲಾಗಬಹುದು, ಪಾಯಕ್ಕೆ ಹೋಗಬಹುದು. ಪುಸ್ತಕದ ಪ್ರತಿ ಹತ್ತು ಊರಿನಲ್ಲಿರುತ್ತದೆ. ನಮ್ಮ ಊರ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಇಲ್ಲಿನ ರೇಡಿಯೋ ದೂರದರ್ಶಕ ಕೇಂದ್ರ 1970ರ ದಶಕದಿಂದ ಆಕಾಶವನ್ನು ಕೇಳುತ್ತಿದೆ. ಅಣುಶಕ್ತಿ ಇಲಾಖೆಯ ಭೂಕಂಪ ಮಾಪನ ಕೇಂದ್ರ 1960ರ ದಶಕದಿಂದ ನೆಲವನ್ನು ಕೇಳುತ್ತಿದೆ. ಒಂದು ದಿನ ಸೂರ್ಯನಿಂದ ಬಂದ ಸದ್ದು ಅದೇ ರೀತಿ ಮತ್ತೆ ಬರುವುದಿಲ್ಲ. ಬರೆದಿಟ್ಟದ್ದು ಕಳೆದರೆ ಕಳೆಯಿತು. ನಮ್ಮಮ್ಮನ ಹಾಡಿನದೂ ಇದೇ ಲೆಕ್ಕ.

ಈಗ ನಮ್ಮ ಶಾಲೆ. ಈ ಮಹೋತ್ಸವಕ್ಕೆಂದು ಐವತ್ತು ವರ್ಷದ ಹಳೇ ವಿದ್ಯಾರ್ಥಿಗಳು ತಮ್ಮ ಮನೆಯ ಗೋಡೆಯಿಂದ ಇಳಿಸಿ ಗುಂಪು ಫೋಟೋಗಳನ್ನು ತಂದುಕೊಟ್ಟಿದ್ದಾರೆ. ಸ್ಕ್ಯಾನ್ ಮಾಡಿ ಮೂಲ ವಾಪಸ್ ಕೊಟ್ಟಿದ್ದೇವೆ. ಕಳೆದ ವಾರ ನಾನು ಸುಮ್ಮನೆ ಕೇಳಿದೆ, ಸ್ಕ್ಯಾನ್ ಮಾಡಿದವು ಎಲ್ಲಿವೆ ಎಂದು. ನಮ್ಮ ಗೆಳೆಯನೊಬ್ಬ ಜೇಬು ತಟ್ಟಿ, "ಭದ್ರವಾಗಿದೆ ಗುರು" ಎಂದು ಪೆನ್ ಡ್ರೈವ್ ತೋರಿಸಿದ. ಅದೇ ಷರ್ಟು ಆ ಸಂಜೆ ಒಗೆಯಲು ಬೀಳುವುದಿತ್ತು. ನೀವು ನಗುತ್ತಿದ್ದೀರಿ, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಆ ಫೋಟೋಗಳಲ್ಲಿ ಈಗ ಇಲ್ಲದ ಮೇಷ್ಟ್ರುಗಳಿದ್ದಾರೆ. ಎಸ್ಸೆಸ್ಸೆಲ್ಸಿ ದಾಟದೆ ಹೊಲಕ್ಕೆ, ಮದುವೆಗೆ ಹೋದ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಕೆಲವರದು ಜೀವನದಲ್ಲಿ ಅದೊಂದೇ ಫೋಟೋ ಇರಬಹುದು.

ಆದ್ದರಿಂದ ಗೆಳೆಯರೆಲ್ಲ ಸೇರಿ ಎರಡು ಡಿಸ್ಕಿನ ಒಂದು ಸಣ್ಣ ಪೆಟ್ಟಿಗೆಯನ್ನು ಶಾಲೆಗೆ ಕೊಡುತ್ತಿದ್ದೇವೆ. ನಿನ್ನೆ ಸಂಜೆ ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿಯಾಗಿದೆ. ಫೋಟೋಗಳು ಅದರಲ್ಲಿವೆ. ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ನನ್ನ ಮನೆಯಲ್ಲಿ ಇರುತ್ತದೆ, ವರ್ಷಕ್ಕೆರಡು ಸಲ ತಂದು ಹೊಸದು ತುಂಬಿಸಿಕೊಂಡು ಹೋಗುತ್ತೇನೆ. ನನ್ನ ನಂತರ ಯಾರು ಎಂಬುದನ್ನೂ ಸಮಿತಿ ಈಗಲೇ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ. ಡಿಸ್ಕುಗಳು ಹೆಚ್ಚು ವರ್ಷ ಬಾಳುವುದಿಲ್ಲ. ಐದು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊತ್ತುಕೊಳ್ಳೋಣ.

ಮಕ್ಕಳೇ, ನಿಮ್ಮಿಂದ ಒಂದು ಕೆಲಸ ಬೇಕು. ಪ್ರತಿ ತಿಂಗಳ ಮೊದಲನೇ ಶನಿವಾರ ಒಂಬತ್ತನೇ ತರಗತಿಯ ಇಬ್ಬರು ಕಂಪ್ಯೂಟರ್ ಕೊಠಡಿಗೆ ಹೋಗಿ, ಪೆಟ್ಟಿಗೆಯಿಂದ ಯಾವುದಾದರೂ ಒಂದು ವರ್ಷದ ಒಂದು ಫೋಟೋ ವಾಪಸ್ ತೆಗೆಯಿರಿ. ತೆರೆಯಿರಿ. ಮುಖಗಳು ಸರಿಯಾಗಿ ಕಾಣುತ್ತವೆಯೇ ನೋಡಿ. ಅಲ್ಲಿ ಇಟ್ಟಿರುವ ನೋಟ್ ಪುಸ್ತಕದಲ್ಲಿ ದಿನಾಂಕ ಬರೆದು ಸಹಿ ಹಾಕಿ. ಆಗದಿದ್ದರೆ ಆಗಲಿಲ್ಲ ಎಂದೇ ಬರೆಯಿರಿ, ಯಾರೂ ಬೈಯುವುದಿಲ್ಲ. ಹತ್ತು ನಿಮಿಷದ ಕೆಲಸ. ಮನೆಗೆ ಹೋಗಿ ಇನ್ನೊಂದು ಕೆಲಸ ಮಾಡಿ. ನಿಮ್ಮ ಅಜ್ಜಿಯೋ ತಾತನೋ ಹಾಡುವವರಿದ್ದರೆ, ಕಥೆ ಹೇಳುವವರಿದ್ದರೆ, ಈ ಭಾನುವಾರ ಮೊಬೈಲ್ ಮುಂದಿಟ್ಟು ಕೂರಿಸಿಕೊಳ್ಳಿ. "ನಾನಿಲ್ವಾ?" ಎನ್ನುತ್ತಾರೆ. ಆದರೂ ರೆಕಾರ್ಡ್ ಮಾಡಿ. ಮಾಡಿದ್ದನ್ನು ಶಾಲೆಗೆ ತನ್ನಿ, ಪೆಟ್ಟಿಗೆಯಲ್ಲಿ ಜಾಗ ಬೇಕಾದಷ್ಟಿದೆ.